ಸಿಡಿ4 ಇಲ್ಲ, ಸಿಡಿ8 ಇದೆ: ಚರ್ಮದ ಲಿಂಫೋಮಾದ ಅಸಾಮಾನ್ಯ ಮಾರ್ಕರ್ ವರದಿಯನ್ನು ಹೇಗೆ ಓದಬೇಕು?

ವರದಿ ಹಿಡಿದವಳು:

ಎಲ್ಲರಿಗೂ ನಮಸ್ಕಾರ. ನನ್ನ ಅಣ್ಣನಿಗೆ ಹಲವು ವರ್ಷಗಳಿಂದ ಪೃಷ್ಠದ ಮೇಲೆ ಮತ್ತು ತೊಡೆಯ ಒಳಭಾಗದಲ್ಲಿ ತೆಳುವಾಗಿ ಹೊಟ್ಟೇಳುವ ಮಚ್ಚೆಗಳಿವೆ. ಎಕ್ಸಿಮಾ ಎಂದು ಭಾವಿಸಿ ಮುಲಾಮು ಹಚ್ಚಿದಾಗ ಕಡಿಮೆಯಾಗುತ್ತಿದ್ದವು, ಬಿಟ್ಟಾಗ ಮರಳುತ್ತಿದ್ದವು. ಈಗ ಮಾಡಿಸಿದ ಬಯಾಪ್ಸಿಯಲ್ಲಿ ಮೈಕೋಸಿಸ್ ಫಂಗಾಯ್ಡಿಸ್ ಎಂಬ ಚರ್ಮದ ಲಿಂಫೋಮಾಕ್ಕೆ (ಬಿಳಿ ರಕ್ತಕೋಶಗಳ ಒಂದು ಬಗೆಯ ಕ್ಯಾನ್ಸರ್) ಹೊಂದುವ ಲಕ್ಷಣಗಳಿವೆ ಎಂದು ಬಂದಿದೆ. ಕೆಳಗೆ ಮಾರ್ಕರ್‌ಗಳ, ಅಂದರೆ ಕೋಶದ ಬಗೆಯನ್ನು ಗುರುತಿಸಲು ನೋಡುವ ಪ್ರೋಟೀನುಗಳ, ಪಟ್ಟಿ ಇದೆ: ಸಿಡಿ3 ಪಾಸಿಟಿವ್, ಸಿಡಿ4 ನೆಗೆಟಿವ್, ಸಿಡಿ8 ಪಾಸಿಟಿವ್, ಸಿಡಿ5 ಭಾಗಶಃ, ಸಿಡಿ7 ಇಲ್ಲ, ಸಿಡಿ30 ನೆಗೆಟಿವ್. ಕೊನೆಯಲ್ಲಿ “ಅಸಾಮಾನ್ಯ ಇಮ್ಯುನೋಫಿನೋಟೈಪ್, ರೋಗಿಯ ಚರ್ಮದ ಚಿತ್ರದೊಂದಿಗೆ ಹೊಂದಿಸಿ ನೋಡುವುದು” ಎಂದು ಬರೆದಿದ್ದಾರೆ. ಇಮ್ಯುನೋಫಿನೋಟೈಪ್ ಎಂದರೆ ಈ ಮಾರ್ಕರ್‌ಗಳ ಮಾದರಿಯಂತೆ. ಸಿಡಿ8 ಪಾಸಿಟಿವ್ ಚರ್ಮದ ಲಿಂಫೋಮಾ ಎಂದು ಹುಡುಕಿದರೆ ಸಿಗುವುದೆಲ್ಲ ಅತ್ಯಂತ ಉಗ್ರವಾದ ಒಂದು ಕಾಯಿಲೆಯ ವಿವರ. ಅಣ್ಣನಿಗೆ ಇರುವುದು ಅದೇನಾ? ನಮ್ಮ ವೈದ್ಯರ ಭೇಟಿ ಇನ್ನೂ ಆಗಬೇಕಿದೆ. ಆ ಭೇಟಿಯಲ್ಲಿ ಏನು ಕೇಳಬೇಕು ಎಂಬುದಾದರೂ ತಿಳಿದಿದ್ದರೆ ಒಳ್ಳೆಯದು ಎಂದು ಇಲ್ಲಿ ಬರೆಯುತ್ತಿದ್ದೇನೆ.

ಸ್ಲೈಡ್ ನೋಡುವವ:

ಮೇಡಂ, ನಾನು ರೋಗಶಾಸ್ತ್ರ ವಿಭಾಗದಲ್ಲಿ ಚರ್ಮದ ಬಯಾಪ್ಸಿಗಳನ್ನು ನೋಡುವವನು. ಸ್ಲೈಡ್ ನೋಡದೆ, ರೋಗಿಯನ್ನು ನೋಡದೆ ಯಾರೂ ನಿಮಗೆ ರೋಗನಿರ್ಣಯ ಹೇಳಲಾಗದು, ನಾನೂ ಹೇಳುವುದಿಲ್ಲ. ಆದರೆ ಆ ಪಟ್ಟಿಯ ಅರ್ಥವೇನು, ಯಾವುದು ನಿಜಕ್ಕೂ ಹೆದರಬೇಕಾದದ್ದು, ಯಾವುದು ಅಲ್ಲ ಎಂಬುದನ್ನು ವಿವರಿಸಬಹುದು.

ಮೈಕೋಸಿಸ್ ಫಂಗಾಯ್ಡಿಸ್ ಚರ್ಮದ ಟಿ-ಕೋಶ (ರೋಗನಿರೋಧಕ ಬಿಳಿ ರಕ್ತಕೋಶ) ಲಿಂಫೋಮಾಗಳಲ್ಲಿ ಅತಿ ಸಾಮಾನ್ಯವಾದದ್ದು. 1806ರಲ್ಲಿ ಆಲಿಬೇರ್ ಎಂಬ ಫ್ರೆಂಚ್ ವೈದ್ಯರು ಅದನ್ನು ಮೊದಲು ವರ್ಣಿಸಿದಾಗ ಮಾರ್ಕರ್ ಎಂಬುದೇ ಇರಲಿಲ್ಲ. ಚರ್ಮ ಹೇಗೆ ಕಾಣುತ್ತದೆ, ವರ್ಷಗಳ ಅವಧಿಯಲ್ಲಿ ಹೇಗೆ ಬದಲಾಗುತ್ತದೆ ಎಂಬುದೇ ಆಧಾರವಾಗಿತ್ತು. ಇಂದಿಗೂ ಆ ಆಧಾರವೇ ಗಟ್ಟಿಯಾದದ್ದು ಎಂಬುದು ನನ್ನ ಅಭಿಪ್ರಾಯ. ಈ ರೋಗದ ಕೋಶಗಳು ಸಾಮಾನ್ಯವಾಗಿ ಸಹಾಯಕ ಟಿ-ಕೋಶಗಳ ವೇಷದಲ್ಲಿರುತ್ತವೆ, ಅಂದರೆ ಸಿಡಿ3 ಮತ್ತು ಸಿಡಿ4 ಇರುತ್ತವೆ, ಸಿಡಿ8 ಇರುವುದಿಲ್ಲ. ಆದರೆ ಒಂದು ಪಾಲು ರೋಗಿಗಳಲ್ಲಿ ಇದು ತಿರುವುಮುರುವಾಗಿ ಸಿಡಿ8 ಇದ್ದು ಸಿಡಿ4 ಇರುವುದಿಲ್ಲ. ಇನ್ನು ಕೆಲವರಲ್ಲಿ ಎರಡೂ ಇರುವುದಿಲ್ಲ. ಬಹಳ ಅಪರೂಪಕ್ಕೆ ಎರಡೂ ಒಟ್ಟಿಗೆ ಇರುತ್ತವೆ. ಇವೆಲ್ಲ ಅದೇ ರೋಗದ ರೂಪಾಂತರಗಳಾಗಿರಬಹುದು.

ನೀವು ಓದಿದ ಉಗ್ರ ಕಾಯಿಲೆ ಬೇರೆ. ಅದು ಪ್ರೈಮರಿ ಕ್ಯುಟೇನಿಯಸ್ ಅಗ್ರೆಸಿವ್ ಎಪಿಡರ್ಮೋಟ್ರಾಪಿಕ್ ಸಿಡಿ8 ಪಾಸಿಟಿವ್ ಟಿ-ಸೆಲ್ ಲಿಂಫೋಮಾ. ಅದರಲ್ಲಿಯೂ ಸಿಡಿ8 ಕೋಶಗಳೇ ಹೊರಚರ್ಮದೊಳಕ್ಕೆ ನುಗ್ಗಿರುತ್ತವೆ, ಆದ್ದರಿಂದ ಪಟ್ಟಿಯನ್ನು ಮಾತ್ರ ನೋಡಿದರೆ ಎರಡಕ್ಕೂ ವ್ಯತ್ಯಾಸವೇ ಕಾಣದೆ ಹೋಗಬಹುದು. ಆದರೆ ಆ ಕಾಯಿಲೆ ವರ್ಷಗಟ್ಟಲೆ ತೆಳು ಮಚ್ಚೆಯಾಗಿ ಕುಳಿತಿರುವುದಿಲ್ಲ. ಬಹುಮಟ್ಟಿಗೆ ವಾರಗಳಲ್ಲಿ, ತಿಂಗಳುಗಳಲ್ಲಿ ದಪ್ಪ ಪ್ಲೇಕ್‌ಗಳು (ಉಬ್ಬಿದ ಚಪ್ಪಟೆ ಕಲೆಗಳು) ಮತ್ತು ಗಂಟುಗಳು ಮೂಡಿ, ಒಡೆದು ಹುಣ್ಣಾಗುತ್ತವೆ, ಬಾಯಿಯೊಳಗೂ ಬರಬಹುದು. ನಿಮ್ಮ ಅಣ್ಣನ ಇತಿಹಾಸ ನೀವು ಬರೆದಂತೆಯೇ ಇದ್ದರೆ ಅದು ಈ ಚಿತ್ರಕ್ಕೆ ಹೊಂದುವುದಿಲ್ಲ. ಸೂಕ್ಷ್ಮದರ್ಶಕದ ಅಡಿಯಲ್ಲಿಯೂ ಕೆಲವು ಸುಳಿವುಗಳಿವೆ: ಉಗ್ರ ರೋಗದಲ್ಲಿ ಹೊರಚರ್ಮದ ಕೋಶಗಳು ಸತ್ತಿರುವುದು, ಟಿಐಎ-1, ಗ್ರಾಂಜೈಮ್ ಬಿ ಮುಂತಾದ ಕೊಲ್ಲುವ ಪ್ರೋಟೀನುಗಳು ಎದ್ದು ಕಾಣುವುದು, ಸಿಡಿ45ಆರ್‌ಎ ಪಾಸಿಟಿವ್ ಆಗಿ ಸಿಡಿ2 ಮತ್ತು ಸಿಡಿ5 ಕಳೆದುಹೋಗಿರುವುದು. ಜೆಎಕೆ2 ಜೀನಿನ ಮರುಜೋಡಣೆಗಳೂ ಆ ಕಾಯಿಲೆಯಲ್ಲಿ ಕಂಡುಬಂದಿವೆ. ಆದರೆ ಇವುಗಳಲ್ಲಿ ಯಾವ ಒಂದೂ ತನ್ನಷ್ಟಕ್ಕೆ ತೀರ್ಪು ಕೊಡುವುದಿಲ್ಲ. ಕೊಲ್ಲುವ ಪ್ರೋಟೀನುಗಳು ಸಿಡಿ8 ಇರುವ ಸೌಮ್ಯ ರೋಗದಲ್ಲಿಯೂ ಕಾಣುತ್ತವೆ.

ಎಂಡಿ ವಿದ್ಯಾರ್ಥಿ:

ಸರ್, ಮೇಡಂ ಅವರ ಪ್ರಶ್ನೆಯ ಮಧ್ಯೆ ನನ್ನದೊಂದು ಸಂದೇಹ. ಸಿಡಿ7 ಕಳೆದುಹೋದರೆ ಅದು ಲಿಂಫೋಮಾದ ಗುರುತು ಎಂದು ನಮ್ಮಲ್ಲಿ ಹೇಳಿಕೊಡುತ್ತಾರೆ. ಆದರೆ ಕಳೆದ ಸೆಮಿನಾರ್‌ನಲ್ಲಿ ಉರಿಯೂತದ ಕಾಯಿಲೆಗಳಲ್ಲಿಯೂ ಸಿಡಿ7 ಇಳಿಯುತ್ತದೆ ಎಂದು ಒಬ್ಬರು ವಾದಿಸಿದರು. ಹಾಗಿದ್ದರೆ ಅದನ್ನು ವರದಿಯಲ್ಲಿ ಬರೆಯುವುದಾದರೂ ಯಾಕೆ?

ಸ್ಲೈಡ್ ನೋಡುವವ:

ವಾದಿಸಿದವರು ಹೇಳಿದ್ದು ಸರಿ. ಎಕ್ಸಿಮಾ, ಪಿಟಿರಿಯಾಸಿಸ್ ಲೈಕನಾಯ್ಡಿಸ್ ಮುಂತಾದ ಉರಿಯೂತದ ಕಾಯಿಲೆಗಳಲ್ಲಿಯೂ ಸಿಡಿ7 ಮಂಕಾಗುತ್ತದೆ, ಆದ್ದರಿಂದ ಅದೊಂದನ್ನೇ ಹಿಡಿದು ಲಿಂಫೋಮಾ ಎನ್ನಲಾಗದು. 2005ರಲ್ಲಿ ಅಂತರರಾಷ್ಟ್ರೀಯ ತಜ್ಞರ ಗುಂಪು ಆರಂಭಿಕ ಮೈಕೋಸಿಸ್ ಫಂಗಾಯ್ಡಿಸ್‌ಗಾಗಿ ರೂಪಿಸಿದ ಅಂಕಪದ್ಧತಿಯನ್ನು ಒಮ್ಮೆ ಕುಳಿತು ಓದಿ. ಅದರಲ್ಲಿ ಚರ್ಮದ ಚಿತ್ರಕ್ಕೆ ಗರಿಷ್ಠ 2 ಅಂಕ, ಸಾಧಾರಣ ಬಣ್ಣದ ಸ್ಲೈಡಿಗೆ 2, ಟಿ-ಕೋಶ ಕ್ಲೋನ್‌ಗೆ (ಒಂದೇ ಕೋಶದಿಂದ ಹುಟ್ಟಿದ ಕೋಶಗಳ ಗುಂಪಿಗೆ) 1, ಮಾರ್ಕರ್‌ಗಳಿಗೆ 1; ರೋಗವೆನ್ನಲು 4 ಬೇಕು. ಮಾರ್ಕರ್‌ಗಳಿಗೆ ಆ ಒಂದು ಅಂಕ ಸಿಗಬೇಕಾದರೂ ಷರತ್ತುಗಳಿವೆ: ಸಿಡಿ2, ಸಿಡಿ3 ಅಥವಾ ಸಿಡಿ5 ಟಿ-ಕೋಶಗಳಲ್ಲಿ ಶೇ. 50ಕ್ಕಿಂತ ಕಡಿಮೆ ಕೋಶಗಳಲ್ಲಿರಬೇಕು, ಇಲ್ಲವೇ ಸಿಡಿ7 ಶೇ. 10ಕ್ಕಿಂತ ಕಡಿಮೆಯಿರಬೇಕು, ಇಲ್ಲವೇ ಹೊರಚರ್ಮದ ಕೋಶಗಳಿಗೂ ಒಳಚರ್ಮದ ಕೋಶಗಳಿಗೂ ಈ ಮಾರ್ಕರ್‌ಗಳಲ್ಲಿ ಹೊಂದಾಣಿಕೆ ಇರಬಾರದು. ಇಷ್ಟು ಕಡಿಮೆ ತೂಕ ಕೊಟ್ಟಿರುವುದರಲ್ಲಿಯೇ ಆ ಗುಂಪಿನ ನಿಲುವು ತಿಳಿಯುತ್ತದೆ. ಬರೆಯುವುದು ಯಾಕೆ ಎಂದರೆ, ಸಿಡಿ7 ಮಾತ್ರವಲ್ಲದೆ ಸಿಡಿ2, ಸಿಡಿ5 ಕೂಡ ಹೊರಚರ್ಮದ ಕೋಶಗಳಲ್ಲಿ ಒಟ್ಟಾಗಿ ಮಾಯವಾದರೆ ಅದಕ್ಕೆ ನಿಜವಾದ ಬೆಲೆ ಬರುತ್ತದೆ. ಹೊರಚರ್ಮಕ್ಕೂ ಒಳಚರ್ಮಕ್ಕೂ ಹೊಂದಾಣಿಕೆ ಇಲ್ಲದಿರುವ ಅಂಶವೇ ನನಗೆ ಮೊದಲಿನಿಂದಲೂ ಹೆಚ್ಚು ಉಪಯುಕ್ತವೆನಿಸಿದೆ: ಒಳಚರ್ಮದಲ್ಲಿ ಬಹುಪಾಲು ಪ್ರತಿಕ್ರಿಯಾತ್ಮಕ ಕೋಶಗಳ ಗದ್ದಲವಿರುತ್ತದೆ, ರೋಗದ ಕೋಶಗಳು ಹೊರಚರ್ಮದಲ್ಲಿ ಸಾಲುಗಟ್ಟಿರುತ್ತವೆ, ಎರಡನ್ನೂ ಬೇರೆ ಬೇರೆ ಎಣಿಸದೆ ಇದ್ದರೆ ಸರಾಸರಿಯಲ್ಲಿ ಎಲ್ಲ ಮುಚ್ಚಿಹೋಗುತ್ತದೆ.

ಸಿಡಿ4ರ ಬಗ್ಗೆ ಇನ್ನೊಂದು ಎಚ್ಚರಿಕೆ. ಸಿಡಿ4 ಟಿ-ಕೋಶಗಳಲ್ಲಿ ಮಾತ್ರವಲ್ಲ, ಹಿಸ್ಟಿಯೋಸೈಟ್ ಮತ್ತು ಲ್ಯಾಂಗರ್‌ಹಾನ್ಸ್ ಎಂಬ ಇತರ ರೋಗನಿರೋಧಕ ಕೋಶಗಳಲ್ಲಿಯೂ ಇರುತ್ತದೆ. ಸಿಡಿ4, ಸಿಡಿ8 ಎರಡೂ ನೆಗೆಟಿವ್ ಆಗಿರುವ ರೋಗದಲ್ಲಿ ಸುತ್ತಲಿನ ಈ ಕೋಶಗಳು ಮಂಕಾಗಿ ಬಣ್ಣ ಹಿಡಿದು, ನೋಡುವವನಿಗೆ ಸಿಡಿ4 ಇದೆ ಎಂಬ ಭ್ರಮೆ ಹುಟ್ಟಿಸುತ್ತವೆ.

ಚರ್ಮವೈದ್ಯೆ:

ನಾನು ಚರ್ಮರೋಗ ವಿಭಾಗದವಳು. ಸ್ಲೈಡ್ ನೋಡುವವರು ಹೇಳಿದ್ದಕ್ಕೆ ಒಂದೆರಡು ಅಂಶ ಸೇರಿಸುತ್ತೇನೆ, ಒಂದನ್ನು ಒಪ್ಪುವುದಿಲ್ಲ.

ಸಿಡಿ8 ಇರುವ ಮೈಕೋಸಿಸ್ ಫಂಗಾಯ್ಡಿಸ್ ಅನ್ನು ಅಸಾಮಾನ್ಯ ಎಂದು ಬರೆಯುವಾಗ ರೋಗಿಯ ವಯಸ್ಸು ಮತ್ತು ಚರ್ಮದ ಬಣ್ಣವನ್ನೂ ನೋಡಬೇಕು. ಮಕ್ಕಳಲ್ಲಿ, ಎಳೆಯರಲ್ಲಿ ಮತ್ತು ಕಪ್ಪು ಅಥವಾ ಕಂದು ಚರ್ಮದವರಲ್ಲಿ ಕಾಣುವ, ಬಿಳಿಚಿದ ಮಚ್ಚೆಗಳಾಗಿ ಬರುವ ರೂಪದಲ್ಲಿ ಸಿಡಿ8 ಇರುವುದು ಬಹಳ ಸಾಮಾನ್ಯ, ಮತ್ತು ಆ ರೂಪ ಸಾಮಾನ್ಯವಾಗಿ ನಿಧಾನವಾಗಿ ಸಾಗುತ್ತದೆ, ಚಿಕಿತ್ಸೆಗೆ ಚೆನ್ನಾಗಿ ಸ್ಪಂದಿಸುತ್ತದೆ. ಒಂದೇ ಜಾಗದಲ್ಲಿ, ಹೆಚ್ಚಾಗಿ ಕೈಕಾಲುಗಳ ಮೇಲೆ, ಒಂಟಿ ಪ್ಲೇಕ್ ಆಗಿ ಬರುವ ಪೇಜೆಟಾಯ್ಡ್ ರೆಟಿಕ್ಯುಲೋಸಿಸ್‌ನಲ್ಲಿಯೂ ಅನೇಕ ಬಾರಿ ಸಿಡಿ8 ಇರುತ್ತದೆ ಅಥವಾ ಸಿಡಿ4, ಸಿಡಿ8 ಎರಡೂ ಇರುವುದಿಲ್ಲ, ಆದರೂ ಅದು ಸೌಮ್ಯವಾದ ಕಾಯಿಲೆ. ಕಿವಿಯ ಮೇಲೆ ಅಥವಾ ಮೂಗಿನ ಮೇಲೆ ಒಂಟಿ ಗಂಟಾಗಿ ಬರುವ ಆಕ್ರಲ್ ಸಿಡಿ8 ಪಾಸಿಟಿವ್ ಕೋಶವೃದ್ಧಿಯಂತೂ ಎಷ್ಟು ನಿರುಪದ್ರವಿ ಎಂದರೆ ಈಗಿನ ವರ್ಗೀಕರಣಗಳಲ್ಲಿ ಅದನ್ನು ಲಿಂಫೋಮಾ ಎಂದು ಕರೆಯುವುದನ್ನೇ ಬಿಟ್ಟಿದ್ದಾರೆ. ಅದರ ಕೋಶಗಳಲ್ಲಿ ಸಿಡಿ68 ಒಂದು ಚುಕ್ಕೆಯಂತೆ ಕಾಣುವುದು ವಿಶೇಷ ಗುರುತು.

ಗುಳ್ಳೆಗಳು ಬಂದು ಹೋಗುವ ಲಿಂಫೋಮಟಾಯ್ಡ್ ಪಾಪ್ಯುಲೋಸಿಸ್ ಇನ್ನೊಂದು ಬಲೆ. ಅದರ ಡಿ ಬಗೆಯಲ್ಲಿ ಸಿಡಿ8 ಮತ್ತು ಸಿಡಿ30 ಎರಡೂ ಇರುವ ಕೋಶಗಳು ಹೊರಚರ್ಮವನ್ನು ತುಂಬಿಬಿಡುತ್ತವೆ; ಸ್ಲೈಡ್ ಮಾತ್ರ ನೋಡಿದವರಿಗೆ ಅದು ಉಗ್ರ ಲಿಂಫೋಮಾವೇ. ಇ ಬಗೆಯಲ್ಲಿ ಕೋಶಗಳು ರಕ್ತನಾಳಗಳನ್ನು ನಾಶಮಾಡಿ ಕಪ್ಪು ಹಕ್ಕಳೆ ಮೂಡಿಸುತ್ತವೆ. ಆದರೆ ಗುಳ್ಳೆಗಳು ಕೆಲವೇ ವಾರಗಳಲ್ಲಿ ತಾವಾಗಿಯೇ ಮಾಯುತ್ತವೆ, ಬೇರೆಡೆ ಹೊಸದಾಗಿ ಬರುತ್ತವೆ, 10 ವರ್ಷಗಳ ಬದುಕುಳಿವು ಶೇ. 100ರ ಹತ್ತಿರವಿದೆ. ರೋಗಿಯನ್ನು ಕೇಳದೆ, ಗುಳ್ಳೆ ತಾನಾಗಿ ಮಾಯುತ್ತದೆಯೇ ಎಂದು ವಿಚಾರಿಸದೆ, ಇಂಥವರಿಗೆ ತೀವ್ರ ಕೀಮೋಥೆರಪಿ ಕೊಟ್ಟುಬಿಡುವ ಅಪಾಯ ನಿಜವಾದದ್ದು. ಆದ್ದರಿಂದಲೇ ಸಿಡಿ8 ಕಂಡಾಗಲೆಲ್ಲ ಸಿಡಿ30 ಹಾಕಿ ನೋಡುವುದು ಅವಶ್ಯ.

ಒಪ್ಪದೆ ಇರುವುದು ಇದು: ಮಾರ್ಕರ್‌ಗಳಿಗೆ ಕಡಿಮೆ ತೂಕ ಎಂದು ಸಾರಾಸಗಟಾಗಿ ಹೇಳಿದರೆ ಕೆಲವರಲ್ಲಿ ಅಗತ್ಯವಾದ ಪರೀಕ್ಷೆ ತಪ್ಪಿಹೋಗುತ್ತದೆ. ಸಿಡಿ4, ಸಿಡಿ8 ಎರಡೂ ಇಲ್ಲದಿದ್ದರೆ ಟಿ-ಕೋಶ ಗ್ರಾಹಕದ (ಕೋಶದ ಮೇಲ್ಮೈಯಲ್ಲಿ ಗುರುತು ಹಿಡಿಯುವ ಪ್ರೋಟೀನಿನ) ಬೀಟಾ ಮತ್ತು ಡೆಲ್ಟಾ ಸರಪಳಿ ಎರಡನ್ನೂ ನೋಡದೆ ವರದಿ ಮುಗಿಸಬಾರದು ಎಂದೇ ನನ್ನ ಪಟ್ಟು.

ಸ್ಲೈಡ್ ನೋಡುವವ:

ಮೇಡಂ, ಆ ವಿಷಯದಲ್ಲಿ ನಮ್ಮಿಬ್ಬರಿಗೂ ಜಗಳವಿಲ್ಲ. ಅಂಕಪದ್ಧತಿಯ ತೂಕ ಎಕ್ಸಿಮಾವೋ ಲಿಂಫೋಮಾವೋ ಎಂಬ ಪ್ರಶ್ನೆಗೆ. ಲಿಂಫೋಮಾ ಎಂದು ನಿಶ್ಚಯವಾದ ಮೇಲೆ ಯಾವ ಲಿಂಫೋಮಾ ಎಂಬ ಪ್ರಶ್ನೆಗೆ ಮಾರ್ಕರ್‌ಗಳು ಬೇಕೇ ಬೇಕು.

ಗಾಮಾ-ಡೆಲ್ಟಾ ಗ್ರಾಹಕವಿರುವ ಟಿ-ಕೋಶಗಳ ಪ್ರಾಥಮಿಕ ಚರ್ಮದ ಲಿಂಫೋಮಾ ಸಾಮಾನ್ಯವಾಗಿ ಸಿಡಿ4, ಸಿಡಿ8 ಎರಡೂ ನೆಗೆಟಿವ್ ಆಗಿ, ಅನೇಕ ಬಾರಿ ಸಿಡಿ56 ಪಾಸಿಟಿವ್ ಆಗಿ, ಚರ್ಮದ ಆಳದಲ್ಲಿ ಅಥವಾ ಕೊಬ್ಬಿನ ಪದರದಲ್ಲಿ ಬೆಳೆದು ಹುಣ್ಣಾಗುವ ಕೆಟ್ಟ ಕಾಯಿಲೆ. ಕೊಬ್ಬಿನ ಪದರದಲ್ಲಿಯೇ ಬರುವ ಸಬ್‌ಕ್ಯುಟೇನಿಯಸ್ ಪ್ಯಾನಿಕ್ಯುಲೈಟಿಸ್ ಮಾದರಿಯ ಲಿಂಫೋಮಾದಲ್ಲಿ ಸಿಡಿ8 ಇದ್ದು ಗ್ರಾಹಕ ಆಲ್ಫಾ-ಬೀಟಾ ಆಗಿರುತ್ತದೆ, ಅದರ ಭವಿಷ್ಯ ಬಹಳ ಉತ್ತಮ. ಒಂದು ಕಾಲದಲ್ಲಿ ಎರಡನ್ನೂ ಒಂದೇ ಹೆಸರಿನಡಿ ಸೇರಿಸುತ್ತಿದ್ದರು. ಗ್ರಾಹಕವನ್ನು ನೋಡಲು ಆರಂಭಿಸಿದ ಮೇಲೆಯೇ ಈ ಎರಡು ಗುಂಪುಗಳು ಬೇರೆಯಾದವು. ಆ ಪ್ಯಾನಿಕ್ಯುಲೈಟಿಸ್ ಮಾದರಿಯ ರೋಗಿಗಳಲ್ಲಿ ಹಲವರು ಎಚ್‌ಎವಿಸಿಆರ್2 ಎಂಬ ಜೀನಿನಲ್ಲಿ ಹುಟ್ಟಿನಿಂದ ಬಂದ ಬದಲಾವಣೆ ಹೊಂದಿರುತ್ತಾರೆ ಎಂಬುದು 2018ರಲ್ಲಿ ತಿಳಿಯಿತು. ಹೀಗಿದ್ದರೂ ಡೆಲ್ಟಾ ಪಾಸಿಟಿವ್ ಎಂದಾಕ್ಷಣ ಭಯಪಡಬೇಕಿಲ್ಲ. ತೆಳು ಮಚ್ಚೆಗಳಿರುವ, ನಿಧಾನವಾಗಿ ಸಾಗುವ ಮೈಕೋಸಿಸ್ ಫಂಗಾಯ್ಡಿಸ್‌ನಲ್ಲಿಯೂ ಡೆಲ್ಟಾ ಕಂಡ ಉದಾಹರಣೆಗಳು ವರದಿಯಾಗಿವೆ, ಅವುಗಳನ್ನು ಮಚ್ಚೆಯ ನಡತೆಯಂತೆಯೇ ವರ್ಗೀಕರಿಸಬೇಕು.

ಸಿಡಿ56ರ ಬಗ್ಗೆ ಇನ್ನೊಂದು ಮಾತು, ಇದು ಎಂಡಿ ವಿದ್ಯಾರ್ಥಿಗೆ. ಸಿಡಿ4 ಮತ್ತು ಸಿಡಿ56 ಎರಡೂ ಇದ್ದು ಸಿಡಿ3 ಇಲ್ಲದ ಕೋಶಗಳು ಚರ್ಮದಲ್ಲಿ ಕಂಡರೆ, ಮೈಕೋಸಿಸ್ ಫಂಗಾಯ್ಡಿಸ್‌ನ ಅಸಾಮಾನ್ಯ ರೂಪ ಎಂದು ಬರೆದು ಮುಗಿಸಬೇಡಿ. ಸಿಡಿ123 ಹಾಕಿ. ಬ್ಲಾಸ್ಟಿಕ್ ಪ್ಲಾಸ್ಮಸೈಟಾಯ್ಡ್ ಡೆಂಡ್ರಿಟಿಕ್ ಕೋಶದ ನಿಯೋಪ್ಲಾಸಂ ಹೀಗೆಯೇ ಕಾಣುತ್ತದೆ. ಅದು ಲಿಂಫೋಮಾವೇ ಅಲ್ಲ, ಬೇರೆ ಬಗೆಯ ರೋಗನಿರೋಧಕ ಕೋಶಗಳ ಕ್ಯಾನ್ಸರ್; ಚಿಕಿತ್ಸೆಯೂ ಸಂಪೂರ್ಣ ಬೇರೆ. ಮೂಗಿನ ಸುತ್ತಲಿನ ಅಥವಾ ಹುಣ್ಣಾದ ಗಾಯದಲ್ಲಿ ಸಿಡಿ56 ಕಂಡರೆ ಎಪ್‌ಸ್ಟೈನ್-ಬಾರ್ ವೈರಸ್ ಹುಡುಕುವ ಇಬಿಇಆರ್ ಪರೀಕ್ಷೆ ಮಾಡಿ. ಟಿ-ಕೋಶಗಳಲ್ಲಿ ಅಪರೂಪಕ್ಕೆ ಬಿ-ಕೋಶಗಳ ಮಾರ್ಕರ್ ಆದ ಸಿಡಿ20 ಕಾಣಿಸುವುದೂ ಉಂಟು. ಆಗ ಪಾಕ್ಸ್5 ಎಂಬ ಇನ್ನೊಂದು ಬಿ-ಕೋಶ ಮಾರ್ಕರ್ ನೋಡಿದರೆ ಅದು ಬಿ-ಕೋಶವೋ ಅಲ್ಲವೋ ಎಂಬುದು ಬಹುಮಟ್ಟಿಗೆ ಬಗೆಹರಿಯುತ್ತದೆ.

ಫ್ಲೋ ಲ್ಯಾಬ್:

ಚರ್ಮದ ಮಾತು ಸಾಕಷ್ಟಾಯಿತು, ರಕ್ತದ ಬಗ್ಗೆ ಯಾರೂ ಹೇಳಲಿಲ್ಲ. ಸೆಜಾರಿ ಕೋಶಗಳನ್ನು (ರಕ್ತದಲ್ಲಿ ಕಾಣುವ ಈ ಲಿಂಫೋಮಾ ಕೋಶಗಳನ್ನು) ಫ್ಲೋ ಸೈಟೋಮೆಟ್ರಿ ಎಂಬ ಯಂತ್ರದ ಪರೀಕ್ಷೆಯಲ್ಲಿ ಎಣಿಸುವಾಗ ನಾವು ಅವಲಂಬಿಸುವುದೇ ಅಸಹಜತೆಯ ಮೇಲೆ: ಸಿಡಿ4 ಇದ್ದು ಸಿಡಿ7 ಇಲ್ಲದ ಕೋಶಗಳು ಶೇ. 40 ಅಥವಾ ಹೆಚ್ಚು, ಸಿಡಿ4 ಇದ್ದು ಸಿಡಿ26 ಇಲ್ಲದ ಕೋಶಗಳು ಶೇ. 30 ಅಥವಾ ಹೆಚ್ಚು, ಸಿಡಿ4-ಸಿಡಿ8 ಅನುಪಾತ 10 ಅಥವಾ ಹೆಚ್ಚು. ರಕ್ತದ ಹಂತವನ್ನು ಗುರುತಿಸಲು ಈಗ ಮೈಕ್ರೋಲೀಟರ್ ರಕ್ತಕ್ಕೆ 250 ಮತ್ತು 1000 ಅಸಹಜ ಕೋಶಗಳು ಎಂಬ ಸಂಖ್ಯೆಗಳನ್ನು ಬಳಸುತ್ತಾರೆ. ಸಿಡಿ4 ಇಲ್ಲದ ರೋಗಿಯಲ್ಲಿ ಈ ಸೂತ್ರಗಳು ಹಾಗೆಯೇ ಅನ್ವಯಿಸುವುದಿಲ್ಲ ಎಂಬುದನ್ನು ಲ್ಯಾಬಿಗೆ ಮೊದಲೇ ತಿಳಿಸಬೇಕು. ಚರ್ಮದ ವರದಿಯ ಪ್ರತಿ ನಮಗೆ ಸಿಕ್ಕರೆ ಮಾತ್ರ ಯಾವ ಗುಂಪನ್ನು ಹುಡುಕಬೇಕು ಎಂಬುದು ತಿಳಿಯುತ್ತದೆ. ಇಲ್ಲದಿದ್ದರೆ ಸಿಡಿ4 ಕೋಶಗಳನ್ನು ಎಣಿಸಿ, ಎಲ್ಲ ಸರಿ ಇದೆ ಎಂದು ಕಳುಹಿಸಿಬಿಡುತ್ತೇವೆ.

ಕ್ಲೋನ್ ಪರೀಕ್ಷೆಯ ಬಗ್ಗೆಯೂ ಹೇಳುತ್ತೇನೆ. ಚರ್ಮದಲ್ಲಿ ಟಿ-ಕೋಶ ಗ್ರಾಹಕದ ಕ್ಲೋನ್ ಸಿಕ್ಕಿತು ಎಂಬುದು ರೋಗವಿದೆ ಎಂಬ ಪ್ರಮಾಣಪತ್ರವಲ್ಲ, ಸೌಮ್ಯ ಕಾಯಿಲೆಗಳಲ್ಲಿಯೂ ಸಿಗುತ್ತದೆ. ಎರಡು ಬೇರೆ ಜಾಗಗಳ ಬಯಾಪ್ಸಿಯಲ್ಲಿ, ಅಥವಾ ಚರ್ಮ ಮತ್ತು ರಕ್ತ ಎರಡರಲ್ಲಿಯೂ, ಅದೇ ಕ್ಲೋನ್ ಸಿಕ್ಕರೆ ಅದರ ತೂಕ ಬೇರೆಯೇ.

ವರದಿ ಹಿಡಿದವಳು:

ಇಷ್ಟೊಂದು ವಿವರವಾಗಿ ಬರೆದ ಎಲ್ಲರಿಗೂ ಧನ್ಯವಾದಗಳು. ಅಣ್ಣನಿಗೆ ಹುಣ್ಣಾಗಲಿ, ಗಂಟಾಗಲಿ ಇಲ್ಲ, ಬಾಯಿಯೊಳಗೆ ಏನೂ ಇಲ್ಲ, ತೂಕವೂ ಇಳಿದಿಲ್ಲ. ಕೆಲವು ಮಚ್ಚೆಗಳ ಬಣ್ಣ ಸುತ್ತಲಿನ ಚರ್ಮಕ್ಕಿಂತ ತಿಳಿಯಾಗಿದೆ. ಕ್ಲೋನ್ ಪರೀಕ್ಷೆ ಆದಂತಿಲ್ಲ. ಎರಡು ಪ್ರಶ್ನೆಗಳು ಉಳಿದಿವೆ: ಸಿಡಿ8 ಇದ್ದರೆ ಚಿಕಿತ್ಸೆ ಬದಲಾಗುತ್ತದೆಯೇ? ಮುಲಾಮು ಹಚ್ಚುತ್ತಲೇ ಬಯಾಪ್ಸಿ ಮಾಡಿಸಿದ್ದು ಫಲಿತಾಂಶದ ಮೇಲೆ ಪರಿಣಾಮ ಬೀರಿರಬಹುದೇ?

ಚರ್ಮವೈದ್ಯೆ:

ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಬೀರಬಹುದು. ಸ್ಟಿರಾಯ್ಡ್ ಮುಲಾಮು ಹೊರಚರ್ಮದಲ್ಲಿನ ಕೋಶಗಳನ್ನು ಕಡಿಮೆಮಾಡುತ್ತದೆ; ಸಾಮಾನ್ಯವಾಗಿ 2ರಿಂದ 4 ವಾರ ಮುಲಾಮು ನಿಲ್ಲಿಸಿ ಬಯಾಪ್ಸಿ ಮಾಡುತ್ತೇವೆ. ಅದರ ಪರಿಣಾಮ ರೋಗ ಕಾಣದೆ ಹೋಗುವ ಕಡೆಗೆ ಇರುತ್ತದೆ. ಸಿಡಿ4 ಇರಬೇಕಾದ ಜಾಗದಲ್ಲಿ ಸಿಡಿ8 ಮೂಡುವಂತೆ ಅದು ಮಾಡುವುದಿಲ್ಲ. ಮುಲಾಮಿನ ವಿಷಯವನ್ನು ವೈದ್ಯರಿಗೆ ಹೇಳಿ, ಮತ್ತೊಮ್ಮೆ ಬಯಾಪ್ಸಿ ಬೇಕೆ ಎಂಬುದನ್ನು ಅವರೇ ನಿರ್ಧರಿಸಲಿ.

ಚಿಕಿತ್ಸೆ ನಿರ್ಧಾರವಾಗುವುದು ಹಂತದ ಮೇಲೆ. ಮೈಮೇಲಿನ ಮಚ್ಚೆಗಳು ಎಷ್ಟು ಭಾಗ ಆವರಿಸಿವೆ, ಗಂಟುಗಳಿವೆಯೇ, ದುಗ್ಧಗ್ರಂಥಿ ಮತ್ತು ರಕ್ತದಲ್ಲಿ ರೋಗವಿದೆಯೇ ಎಂಬುದನ್ನು ನೋಡಿ ಹಂತ ಹೇಳುತ್ತಾರೆ. ಮೈಯ ಶೇ. 10ಕ್ಕಿಂತ ಕಡಿಮೆ ಭಾಗದಲ್ಲಿ ಬರೀ ಮಚ್ಚೆ ಅಥವಾ ಪ್ಲೇಕ್ ಇದ್ದು ಬೇರೇನೂ ಇಲ್ಲದಿದ್ದರೆ ಅದು 1ಎ ಹಂತ. ಆ ಹಂತದವರ ಆಯುಷ್ಯ ಸಾಮಾನ್ಯ ಜನರ ಆಯುಷ್ಯಕ್ಕಿಂತ ಬಹಳ ಭಿನ್ನವಾಗಿಲ್ಲ. ಚಿಕಿತ್ಸೆ ಸ್ಟಿರಾಯ್ಡ್ ಮುಲಾಮು, ನ್ಯಾರೋಬ್ಯಾಂಡ್ ಯುವಿಬಿ ಬೆಳಕು ಮುಂತಾದವು. ಸಿಡಿ8 ಇದೆ ಎಂಬ ಕಾರಣಕ್ಕೆ ಮಾತ್ರ ಇದನ್ನು ಬಿಟ್ಟು ಕೀಮೋಥೆರಪಿಗೆ ಹೋಗುವುದಿಲ್ಲ. ಚಿಕಿತ್ಸೆಗೆ ನೇರವಾಗಿ ಸಂಬಂಧಿಸಿದ ಮಾರ್ಕರ್‌ಗಳು ಬೇರೆ: ಸಿಡಿ30 ಇದ್ದರೆ ಬ್ರೆಂಟಕ್ಸಿಮ್ಯಾಬ್ ವೆಡೋಟಿನ್, ಸಿಸಿಆರ್4 ಅನ್ನು ಗುರಿಯಾಗಿಸುವ ಮೊಗಮುಲಿಜುಮ್ಯಾಬ್. ಇವೆರಡೂ ಸಾಮಾನ್ಯವಾಗಿ ಇತರ ಚಿಕಿತ್ಸೆಗಳಿಗೆ ಬಗ್ಗದ ರೋಗಕ್ಕೆ, ಈ ಮಚ್ಚೆಗಳಿಗಲ್ಲ.

ಒಂದು ವಿಷಯವನ್ನು ತಪ್ಪದೆ ಕೇಳಿ. ಎಕ್ಸಿಮಾ ಎಂದು ತಿಳಿದು ಡುಪಿಲುಮ್ಯಾಬ್ ಅಥವಾ ಸೈಕ್ಲೋಸ್ಪೋರಿನ್ ಕೊಟ್ಟ ಕೆಲವರಲ್ಲಿ ಮುಚ್ಚಿಕೊಂಡಿದ್ದ ಲಿಂಫೋಮಾ ಬಯಲಾಗಿ ಉಲ್ಬಣಿಸಿದ ವರದಿಗಳಿವೆ. ಅಣ್ಣನಿಗೆ ಇಂಥದ್ದೇನಾದರೂ ಕೊಟ್ಟಿದ್ದರೆ ಹೇಳಬೇಕು, ಇನ್ನು ಮುಂದೆ ಕೊಡುವ ಮಾತು ಬಂದರೂ ಈ ವರದಿಯನ್ನು ಮುಂದಿಡಬೇಕು.

ಎಂಡಿ ವಿದ್ಯಾರ್ಥಿ:

ನನ್ನದು ಕೊನೆಯ ಪ್ರಶ್ನೆ, ಸರ್. ಮೊದಲ ಬಯಾಪ್ಸಿಯಲ್ಲಿ ಸಿಡಿ8 ಎಂದಿದ್ದದ್ದು ಮುಂದೆ ಬದಲಾಗಬಹುದೇ? ಹಾಗಾದರೆ ಪ್ರತಿ ಬಾರಿಯೂ ಇಡೀ ಪ್ಯಾನೆಲ್ ಹಾಕಬೇಕೇ?

ಸ್ಲೈಡ್ ನೋಡುವವ:

ಬದಲಾಗಬಹುದು. ಒಬ್ಬನೇ ರೋಗಿಯಲ್ಲಿ ಒಂದು ಮಚ್ಚೆ ಒಂದು ಬಗೆಯಾಗಿದ್ದು, ವರ್ಷಗಳ ನಂತರದ ಗಂಟು ಇನ್ನೊಂದು ಬಗೆಯಾಗಿರುವುದು ವರದಿಯಾಗಿದೆ. ಮಾರ್ಕರ್‌ಗಳು ಮತ್ತಷ್ಟು ಕಳೆದುಹೋಗುವುದೂ, ದೊಡ್ಡ ಕೋಶಗಳಾಗಿ ರೂಪಾಂತರವಾದಾಗ ಸಿಡಿ30 ಹೊಸದಾಗಿ ಕಾಣಿಸುವುದೂ ಉಂಟು. ಒಳಹೊಕ್ಕ ಕೋಶಗಳಲ್ಲಿ ಶೇ. 25ಕ್ಕಿಂತ ಹೆಚ್ಚು ದೊಡ್ಡ ಕೋಶಗಳಿದ್ದರೆ ಅದನ್ನು ರೂಪಾಂತರ ಎನ್ನುತ್ತೇವೆ, ಮತ್ತು ಅದನ್ನು ಗುರುತಿಸುವುದು ಸಾಧಾರಣ ಬಣ್ಣದ ಸ್ಲೈಡಿನಲ್ಲಿ, ಮಾರ್ಕರ್‌ನಿಂದಲ್ಲ. ಸ್ಥಿರವಾಗಿರುವ ಮಚ್ಚೆಗೆ ಪ್ರತಿ ಬಾರಿಯೂ ಇಡೀ ಪ್ಯಾನೆಲ್ ಬೇಡ ಎಂದೇ ನನ್ನ ಅಭಿಪ್ರಾಯ. ಚರ್ಮದ ಚಿತ್ರ ಬದಲಾದರೆ, ಹೊಸ ಗಂಟು ಅಥವಾ ಹುಣ್ಣು ಬಂದರೆ, ಆ ಹೊಸ ಜಾಗದಿಂದಲೇ ಬಯಾಪ್ಸಿ ತೆಗೆದು ಪೂರ್ತಿ ಹಾಕಿ, ಹಳೆಯ ಸ್ಲೈಡನ್ನು ಪಕ್ಕದಲ್ಲಿಟ್ಟು ನೋಡಿ.

ಮೇಡಂ, ನಿಮ್ಮ ಅಣ್ಣನ ಬಯಾಪ್ಸಿ ತುಣುಕಿರುವ ಮೇಣದ ಬ್ಲಾಕ್ ಪ್ರಯೋಗಾಲಯದಲ್ಲಿ ಇರುತ್ತದೆ. ಹೊಸದಾಗಿ ಚರ್ಮ ಕೊಯ್ಯದೆ ಅದರಿಂದಲೇ ಟಿಐಎ-1, ಗ್ರಾಹಕ ಬೀಟಾ ಮತ್ತು ಡೆಲ್ಟಾ, ಕ್ಲೋನ್ ಪರೀಕ್ಷೆ ಮಾಡಿಸಬಹುದು. ಭೇಟಿಯ ದಿನ ಅದನ್ನು ಕೇಳಿ. ಮಚ್ಚೆಗಳ ಹಳೆಯ ಫೋಟೋಗಳು ಮನೆಯಲ್ಲಿದ್ದರೆ ದಿನಾಂಕದೊಂದಿಗೆ ಅವುಗಳನ್ನೂ ತೆಗೆದುಕೊಂಡು ಹೋಗಿ, ವರದಿಯ ಕೊನೆಯ ಸಾಲಿನಲ್ಲಿ ನನ್ನ ಸಹೋದ್ಯೋಗಿ ಕೇಳಿರುವ ಚರ್ಮದ ಚಿತ್ರ ಅದೇ.